ಗಂಡಿಲಿಗೆ ಮಾತ್ರ ಮುಪ್ಪು

ಮುಪ್ಪಿನ ಮರೆವಿನ ಬಗ್ಗೆ ಸಂಶೋಧನೆಯೇ? ಹಾಗಾದರೆ ಗಂಡಿಲಿ ತರಿಸಿ. ಹೆಣ್ಣಿಲಿಗೆ ನಾಲ್ಕೈದು ದಿನಕ್ಕೊಂದು ಋತುಚಕ್ರ, ಅಂಕಿಅಂಶ ಚೆಲ್ಲಾಪಿಲ್ಲಿಯಾದೀತು. ಗಂಡಿಲಿಯಾದರೋ ಸ್ಥಿತಪ್ರಜ್ಞ. ಒಂದು ಪಂಜರದಲ್ಲಿ ನಾಲ್ಕು ಬಿಟ್ಟು ನೋಡಿ: ಒಂದು ಯಜಮಾನನಾಗಿ ಮಿಕ್ಕವುಗಳ ಬೆನ್ನು ಕಚ್ಚುತ್ತದೆ, ಅದರ ಟೆಸ್ಟೋಸ್ಟಿರಾನ್ ಏರುತ್ತದೆ. ಅದನ್ನು ಹಾರ್ಮೋನಿನ ಏರುಪೇರು ಅನ್ನಬಾರದು, ಪೌರುಷ ಅನ್ನಬೇಕು.

2014ರಲ್ಲಿ ಪ್ರೆಂಡರ್‌ಗಾಸ್ಟ್ ಎಂಬ ಸಂಶೋಧಕ ಮತ್ತು ಸಂಗಡಿಗರು ಇಲಿಗಳ ಮೇಲಿನ 293 ಪ್ರಬಂಧಗಳನ್ನು ಜಾಲಾಡಿದರು. ಋತುಚಕ್ರ ಲೆಕ್ಕಿಸದೆ ಅಳೆದರೂ ಹೆಣ್ಣಿಲಿಗಳ ಅಂಕಿಗಳು ಗಂಡಿಲಿಗಳದ್ದಕ್ಕಿಂತ ಹೆಚ್ಚು ಚದುರಿರಲಿಲ್ಲ. 2016ರಿಂದ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರಕಾರಿ ಸಂಸ್ಥೆ ಎನ್‌ಐಎಚ್ ಕೂಡ ಎರಡೂ ಲಿಂಗ ಬಳಸಿ, ಇಲ್ಲವೇ ಬಲವಾದ ಕಾರಣ ಕೊಡಿ ಅನ್ನತೊಡಗಿತು. ಆಮೇಲೆ ಹೊಸ ಕಲೆಯೊಂದು ಬೆಳೆಯಿತು: ಹತ್ತು ಗಂಡಿನ ಜೊತೆ ಶಾಸ್ತ್ರಕ್ಕೆ ಎರಡು ಹೆಣ್ಣು ಸೇರಿಸುವುದು, ‘ಲಿಂಗಭೇದ ಕಂಡುಬರಲಿಲ್ಲ’ ಎಂದು ಬರೆಯುವುದು. ಎರಡರಲ್ಲಿ ಒಂದು ಈಜದೆ ಸುಮ್ಮನೆ ತೇಲಿದರೂ ಸಾಕು, ಸರಾಸರಿಯೇ ಮುಳುಗುತ್ತದೆ.

ತೇಲುವುದೆಂದರೆ ಮಾರಿಸ್ ವಾಟರ್ ಮೇಜ್ ಎಂಬ ನೆನಪಿನ ಪರೀಕ್ಷೆಯಲ್ಲಿ. ಸುಮಾರು 120 ಸೆಂಟಿಮೀಟರ್ ಅಗಲದ ತೊಟ್ಟಿ, ವಿಷವಿಲ್ಲದ ಬಿಳಿ ಬಣ್ಣ ಕಲಸಿದ ನೀರು, ಮೇಲ್ಮೈಗಿಂತ ಒಂದು ಸೆಂಟಿಮೀಟರ್ ಕೆಳಗೆ ಅಡಗಿದ ಕಟ್ಟೆ. ಗೋಡೆಯ ಗುರುತು ನೋಡಿ ಇಲಿ 60 ಸೆಕೆಂಡಿನೊಳಗೆ ಕಟ್ಟೆ ಹತ್ತಬೇಕು. ಮುದಿ ಇಲಿಗೆ ಮೈ ಬೇಗ ತಣ್ಣಗಾಗುತ್ತದೆ, ಕಾಲು ನಿಧಾನ. ಸೆಕೆಂಡು ಮಾತ್ರ ಎಣಿಸಿದರೆ ಕಾಲಿನ ತಪ್ಪಿಗೆ ತಲೆಗೆ ಶಿಕ್ಷೆ. ಈಜಿದ ದೂರ ಅಳೆಯಿರಿ, ಬಾವುಟ ಸಿಕ್ಕಿಸಿದ ಕಟ್ಟೆಯಲ್ಲಿ ಕಣ್ಣು ಪರೀಕ್ಷಿಸಿ, ಪ್ರತಿ ಸರದಿಯ ನಂತರ ಮೈ ಒರೆಸಿ ಬೆಚ್ಚಗಿಡಿ.

ನಿಜವಾದ ಮಜಾ ವಯಸ್ಸಿನಲ್ಲಿದೆ. 2000ದಲ್ಲಿ ಸಂಶೋಧಕಿ ಫ್ರಿಕ್ ತಂಡ ಸಿ57ಬಿಎಲ್/6 ಎಂಬ ಪ್ರಯೋಗಾಲಯ ತಳಿಯ ಇಲಿಗಳನ್ನು 5, 17, 25 ತಿಂಗಳಲ್ಲಿ ಪರೀಕ್ಷಿಸಿತು. 17ರಲ್ಲೇ ಹೆಣ್ಣಿಲಿ ದಾರಿ ಮರೆಯಿತು, ಋತುಚಕ್ರ ನಿಲ್ಲುವ ಹೊತ್ತಿಗೇ. ಗಂಡಿಲಿ ಆಗಿನ್ನೂ ಗಟ್ಟಿ. 25ಕ್ಕೆ ಬಂದರೆ ಎರಡೂ ಸಮಾನ ದಡ್ಡರು. ಹಾಗಾಗಿ ಎಳೆಯವು, ತೀರ ಮುದಿಯವು ಎಂದು ಎರಡೇ ಗುಂಪು ಮಾಡಿ ನಡುವಯಸ್ಸನ್ನು ಬಿಟ್ಟರೆ ಭೇದ ಕಾಣುವುದೇ ಇಲ್ಲ. ಮೇವಿನ ಖರ್ಚೂ ಉಳಿಯಿತು.

ಋತುಚಕ್ರ ನೋಡುವುದಕ್ಕೂ ಬ್ರಹ್ಮವಿದ್ಯೆ ಬೇಕಿಲ್ಲ: ಈಜಿನ ಪರೀಕ್ಷೆ ಮುಗಿದ ಮೇಲೆ ಪಿಪೆಟ್‌ನಿಂದ ಹನಿ ಸಲೈನ್ ಬಿಟ್ಟು ಯೋನಿಯ ಕೋಶ ತೆಗೆಯಿರಿ, ಸ್ಲೈಡಿಗೆ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿ. ಗಂಡಿಲಿಯನ್ನೂ ಅಷ್ಟೇ ಹೊತ್ತು ಕೈಯಲ್ಲಿ ಹಿಡಿಯಿರಿ, ಇಲ್ಲದಿದ್ದರೆ ಹಿಡಿದ ಗಾಬರಿಯೂ ಲಿಂಗಭೇದವಾಗಿ ಅಚ್ಚಾದೀತು.

ಶೀರ್ಷಿಕೆಗೆ ಮಾತ್ರ ಚಿಂತೆಯಿಲ್ಲ. ಹೆಣ್ಣಿಲಿ ಬಳಸಿದರೆ ‘ಹೆಣ್ಣಿಲಿಗಳಲ್ಲಿ ಮರೆವು’. ಗಂಡಿಲಿ ಬಳಸಿದರೆ ‘ಇಲಿಗಳಲ್ಲಿ ಮರೆವು’.