ಪಡುಕೋಣೆಗೂ ಪಾದುಕೆಗೂ ಏನೂ ಸಂಬಂಧವಿಲ್ಲ

ನಿನ್ನೆ ಸಂಜೆಯಿಂದ ಮನಸ್ಸು ಕುದಿಯುತ್ತಿದೆ. ಇಲ್ಲಿ ಬರೆದುಕೊಳ್ಳದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ನಮ್ಮ ಬಡಾವಣೆಯಲ್ಲಿ ಮಕ್ಕಳಿಗೆ ರಸಪ್ರಶ್ನೆ ಇತ್ತು. ಮೊಮ್ಮಗ ಒಂದು ತಂಡದಲ್ಲಿದ್ದ, ಹಾಗಾಗಿ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ನಡೆಸಿಕೊಡುತ್ತಿದ್ದ ಯುವಕ ಚುರುಕಾಗಿದ್ದ, ಮಕ್ಕಳನ್ನು ನಗಿಸುತ್ತಿದ್ದ. ನಾಲ್ಕನೆಯ ಸುತ್ತಿನಲ್ಲಿ ಪರದೆಯ ಮೇಲೆ ನಟಿ ದೀಪಿಕಾ ಅವರ ಚಿತ್ರ ಬಂತು. “ಪಾದುಕೋಣ್ ಎಂಬ ಅಡ್ಡಹೆಸರಿನ ಮೂಲ ಯಾವ ರಾಜ್ಯ?” ಒಂದು ತಂಡ ಮಹಾರಾಷ್ಟ್ರ ಎಂದಿತು. ಸರಿಯುತ್ತರ, ಹತ್ತು ಅಂಕ. ಮೇಲಿಂದ ವಿವರಣೆ ಬೇರೆ: ಪಾದುಕೆ ಎಂದರೆ ದೇವರ ಪಾದರಕ್ಷೆ, ಕೋಣ ಎಂದರೆ ಮೂಲೆ, ದೇವಸ್ಥಾನದ ಮೂಲೆಯಲ್ಲಿ ಪಾದುಕೆಗಳನ್ನು ಕಾಯುತ್ತಿದ್ದ ಮನೆತನವಂತೆ. ಸಭೆ ಚಪ್ಪಾಳೆ ತಟ್ಟಿತು.

ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಎಂಟೋ ಒಂಬತ್ತೋ ವರ್ಷ ಇರಬಹುದು, ಎರಡು ಜಡೆ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು. “ಅದು ನನ್ನ ಅಮ್ಮಮ್ಮನ ಊರು. ಅಲ್ಲಿ ಹೊಳೆ ಇದೆ” ಎಂದಳು. ಯುವಕ ನಕ್ಕು, “ಊರಲ್ಲ ಪುಟ್ಟಾ, ಸರ್‌ನೇಮ್ ಕೇಳಿದ್ದು, ಕುಳಿತುಕೋ” ಎಂದ. ಅವಳು ಕುಳಿತಳು. ನಾನೂ ಕುಳಿತೇ ಇದ್ದೆ. ಆ ಸಭೆಯಲ್ಲಿ ಅವಳು ಹೇಳಿದ್ದು ನಿಜವೆಂದು ಗೊತ್ತಿದ್ದವನು ಬಹುಶಃ ನಾನೊಬ್ಬನೇ. ಎದ್ದು ನಿಂತು “ಮಗು ಸರಿಯಾಗಿ ಹೇಳುತ್ತಿದೆ” ಎನ್ನಲು ನನಗೆ ಬಾಯಿ ಬರಲಿಲ್ಲ. ಆ ನಾಚಿಕೆಯೇ ಈ ಬರಹಕ್ಕೆ ಅರ್ಧ ಕಾರಣ.

ಪಡುಕೋಣೆ ಊರಿನ ಹೆಸರು. ಕುಂದಾಪುರದಿಂದ ಉತ್ತರಕ್ಕೆ ಹೊರಟು ಹೆಮ್ಮಾಡಿ, ತ್ರಾಸಿ ದಾಟಿದರೆ ಮರವಂತೆ ಸಿಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಎಲ್ಲರೂ ಕಾರು ನಿಲ್ಲಿಸಿ ಕಡಲಿನ ಕಡೆಗೆ ಮುಖ ಮಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಮ್ಮೆ ತಿರುಗಿ ಹೊಳೆಯ ಆಚೆ ದಡದ ತೆಂಗಿನ ತೋಟಗಳನ್ನು ನೋಡಿ. ನಾಡ, ಹಡವು, ಪಡುಕೋಣೆ ಎಲ್ಲ ಆ ಕಡೆಯವು.

ಪಡು ಎಂದರೆ ಪಶ್ಚಿಮ. ಇದನ್ನು ಕನ್ನಡಿಗರಿಗೇ ಹೇಳಬೇಕಾಗಿ ಬಂದಿರುವುದು ನನಗೆ ಸಂಕಟ. ಮೂಡು ಎಂದರೆ ಸೂರ್ಯ ಮೂಡುವ ದಿಕ್ಕು. ಪಡು ಎಂದರೆ ಅವನು ಮುಳುಗುವ ದಿಕ್ಕು. ಹಳಗನ್ನಡದಲ್ಲಿ ‘ಪಡು’ ಎಂಬುದಕ್ಕೆ ಅಸ್ತವಾಗು ಎಂಬ ಅರ್ಥವೇ ಇದೆ. ಮೂಡುಬಿದಿರೆ ಇದ್ದ ಹಾಗೆ ಪಡುಬಿದ್ರಿ ಇದೆ. ತೆಂಕುತಿಟ್ಟು, ಬಡಗುತಿಟ್ಟು ಎಂದು ಯಕ್ಷಗಾನಕ್ಕೂ ದಿಕ್ಕಿನ ಹೆಸರಿಟ್ಟ ಸೀಮೆ ನಮ್ಮದು. ನಮ್ಮ ಅಜ್ಜಿ ಎಡಗಡೆ ಬಲಗಡೆ ಎಂದು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. “ಚೆಂಬು ಪಡುಬದಿಯ ಕಟ್ಟೆಯ ಮೇಲಿದೆ” ಎನ್ನುತ್ತಿದ್ದರು, ನಾವು ಕಣ್ಣು ಮುಚ್ಚಿಕೊಂಡು ಹೋಗಿ ತರುತ್ತಿದ್ದೆವು. ಅಂಥ ಒಂದು ಮಾತನ್ನು ಹೊತ್ತುಕೊಂಡ ಹೆಸರಿಗೆ ದೇವರ ಚಪ್ಪಲಿ ತೊಡಿಸಿದರೆ ನಾನು ಸುಮ್ಮನಿರಬೇಕೇ?

ಇನ್ನು ಊರಿನ ಹೆಸರು ಮನೆತನಕ್ಕೆ ಅಂಟಿದ್ದು ಹೇಗೆ ಎಂಬುದು. ಈ ಅಡ್ಡಹೆಸರು ಇರುವುದು ಮುಖ್ಯವಾಗಿ ಚಿತ್ರಾಪುರ ಸಾರಸ್ವತರಲ್ಲಿ. ಭಟ್ಕಳದ ಹತ್ತಿರದ ಶಿರಾಲಿಯಲ್ಲಿ ಅವರ ಮಠವಿದೆ, ಗುರುಪರಂಪರೆ 1708ರಲ್ಲಿ ಗೋಕರ್ಣದಲ್ಲಿ ಆರಂಭವಾಯಿತು. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಕರಾವಳಿಗುಂಟ ದಕ್ಷಿಣಕ್ಕೆ ಬಂದ ಜನರ ಪೀಳಿಗೆ. ಲೆಕ್ಕಪತ್ರ ಬಲ್ಲವರು, ಶಾನುಭೋಗಿಕೆ ಹಿಡಿದವರು. ಯಾವ ಊರಿನಲ್ಲಿ ನೆಲೆ ನಿಂತರೋ ಆ ಊರೇ ಅವರ ಹೆಸರಾಯಿತು. ಮನೆಯೊಳಗೆ ಕೊಂಕಣಿ, ಮನೆಯ ಹೆಸರು ಮಾತ್ರ ಅಪ್ಪಟ ಕನ್ನಡ ನಾಡಿನ ಊರು. ಸಂಖ್ಯೆಯಲ್ಲಿ ಬಹಳ ಚಿಕ್ಕ ಸಮುದಾಯ, ಅದರಲ್ಲಿ ಒಂದೊಂದು ಹೆಸರಿಗೆ ಬೆರಳೆಣಿಕೆಯ ಮನೆತನಗಳು.

ಅವರ ಹೆಸರುಗಳನ್ನು ಸಾಲಾಗಿ ಓದಿ ನೋಡಿ. ಕುಮಟಾ, ಹೊನ್ನಾವರ, ಮಾವಿನಕುರ್ವೆ, ಮುರ್ಡೇಶ್ವರ, ಕಾಯ್ಕಿಣಿ, ಶಿರಾಲಿ, ಭಟ್ಕಳ, ಬೈಂದೂರು, ಪಡುಕೋಣೆ, ಗಂಗೊಳ್ಳಿ, ಹಟ್ಟಿಯಂಗಡಿ, ಗುಲ್ವಾಡಿ, ಕುಂದಾಪುರ, ಬಸರೂರು, ಕಲ್ಯಾಣಪುರ, ಕಾರ್ನಾಡು, ಉಳ್ಳಾಲ. ಕಾರವಾರದ ಕಡೆಯಿಂದ ಮಂಗಳೂರಿಗೆ ಹೋಗುವ ಬಸ್ಸಿನ ನಿರ್ವಾಹಕ ಕೂಗಿದ ಹಾಗೆ ಕೇಳುತ್ತದೆ. ನಾನು ಮುಂಬಯಿಯ ಬ್ಯಾಂಕಿನಲ್ಲಿ ದುಡಿದ ಅಷ್ಟೂ ವರ್ಷ ಊರಿನ ನೆನಪಾದಾಗಲೆಲ್ಲ ಮನಸ್ಸಿನಲ್ಲೇ ಈ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದೆ.

ಪಡುಕೋಣೆಗೆ ಹೋಗಿ ಪಡುಕೋಣೆ ಎಂಬ ಅಡ್ಡಹೆಸರಿನವರನ್ನು ಹುಡುಕಿದರೆ ಸಿಗುವುದು ಕಷ್ಟ. ಅಲ್ಲಿ ಶೆಟ್ಟರಿದ್ದಾರೆ, ಪೂಜಾರಿಯವರಿದ್ದಾರೆ, ದೇವಾಡಿಗರಿದ್ದಾರೆ, ಡಿಸೋಜಾ ಇದ್ದಾರೆ. ಊರಿನೊಳಗೇ ಇರುವವನಿಗೆ ಊರಿನ ಹೆಸರನ್ನು ಹೊತ್ತು ತಿರುಗುವ ಅಗತ್ಯವೇನು? ಬಿಟ್ಟು ಹೋದವನಿಗೆ ಬೇಕು. ಹಾಗಾಗಿ ಈ ಹೆಸರು ಇರುವುದು ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ, ಪುಣೆಯಲ್ಲಿ, ಸಮುದ್ರದಾಚೆ ಅಮೆರಿಕದಲ್ಲಿ. ಇಂಗ್ಲಿಷ್ ಓದಿ ಗುಮಾಸ್ತರಾಗಿ, ವಕೀಲರಾಗಿ, ಮೇಷ್ಟ್ರಾಗಿ ಇವರು ಮುಂಬಯಿ ಸೇರಿದರು. ಅಲ್ಲಿ 1906ರಲ್ಲಿ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಬ್ಯಾಂಕು ಕಟ್ಟಿದರು, 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ವಸತಿ ಸಂಘ ಮಾಡಿದರು. ಒಂದೊಂದು ಬಾಗಿಲಿನ ಫಲಕದ ಮೇಲೂ ನಮ್ಮ ಕರಾವಳಿಯ ಒಂದೊಂದು ಊರು.

ಈ ಹೆಸರು ಎಲ್ಲಿ ಕೂರುತ್ತದೆ ಎಂಬುದನ್ನೂ ಸರ್ಕಾರಗಳ ಗಡಿ ತೀರ್ಮಾನಿಸಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ಕುಂದಾಪುರದಿಂದ ಕೆಳಗಿನದು ಮದರಾಸಿನಲ್ಲೇ ಉಳಿಯಿತು. ಮದರಾಸಿನ ಕ್ರಮದಲ್ಲಿ ಊರಿನ ಹೆಸರು ಮುಂದೆ, ಮುಂಬಯಿ ಕ್ರಮದಲ್ಲಿ ಹಿಂದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ‘ಬಿ’ ಎಂದರೆ ಬೆನೆಗಲ್. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ಅವರ ತಮ್ಮ ಬೆನೆಗಲ್ ರಾಮರಾವ್. ಅದೇ ಹೆಸರು ಶ್ಯಾಮ್ ಬೆನೆಗಲ್ ಅವರಲ್ಲಿ ಕೊನೆಗೆ ಬಂತು. ಕಾರ್ನಾಡ್ ಸದಾಶಿವರಾಯರಿಗೆ ಊರು ಮುಂದೆ, ಗಿರೀಶ ಕಾರ್ನಾಡರಿಗೆ ಹಿಂದೆ. ಕನ್ನಡದಲ್ಲಿ ಬರೆಯುತ್ತಿದ್ದ ಪಡುಕೋಣೆ ರಮಾನಂದರಾಯರಿಗೆ ಊರು ಮುಂದೆ, ಪ್ರಕಾಶ್ ಪಡುಕೋಣೆಯವರಿಗೆ ಹಿಂದೆ. ನನ್ನ ಹೆಸರಿನ ಮುಂದಿರುವ ‘ಎಚ್’ ಕೂಡ ಆ ಮದರಾಸಿನ ಕಾಲದ್ದೇ. ಅದರ ಕಥೆಗೆ ಆಮೇಲೆ ಬರುತ್ತೇನೆ.

ಗುರುದತ್ತರ ವಿಷಯ ನೆನೆದರೆ ನನಗೆ ಈಗಲೂ ಏನೋ ಆಗುತ್ತದೆ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಸಂತಕುಮಾರ ಶಿವಶಂಕರ ಪಡುಕೋಣೆ. ಬಾಲ್ಯ ಕಲ್ಕತ್ತೆಯಲ್ಲಿ. ಸಿನಿಮಾಕ್ಕೆ ಬಂದ ಮೇಲೆ ಪಡುಕೋಣೆ ಬಿಟ್ಟುಹೋಯಿತು. ಚಿತ್ರ ಬರೆಯುತ್ತಿದ್ದ ತಂಗಿ ಲಲಿತಾ ಮದುವೆಯ ನಂತರ ಲಾಜ್ಮಿಯಾದರು. ಗುರುದತ್ತರ ಸಿನಿಮಾಗಳನ್ನು ಲೋಕವೇ ನೋಡಿತು, ಆ ಊರಿನ ಹೆಸರು ಮಾತ್ರ ಪರದೆಯ ಮೇಲೆ ಮೂಡಲಿಲ್ಲ. ಅದನ್ನು ಮೊದಲು ಲೋಕಕ್ಕೆ ಕೇಳಿಸಿದವರು ಪ್ರಕಾಶ್. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಬ್ಯಾಡ್ಮಿಂಟನ್ ಆಟ ಕಲಿತ ಹುಡುಗ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಆ ಸುದ್ದಿ ಬಂದ ದಿನ ನಮ್ಮ ಶಾಖೆಯಲ್ಲಿದ್ದ ಕುಂದಾಪುರದವರು ಮೂವರೂ ಊಟದ ಹೊತ್ತಿನಲ್ಲಿ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು ಸುದ್ದಿಗಿಂತ ಹೆಚ್ಚಾಗಿ ಆ ಹೆಸರನ್ನೇ ನೋಡುತ್ತಿದ್ದೆವು. ಆಟ ಅವರನ್ನು ಡೆನ್ಮಾರ್ಕಿಗೆ ಕರೆದೊಯ್ದಿತು. 1986ರಲ್ಲಿ ಮಗಳು ದೀಪಿಕಾ ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ. ಸೌಪರ್ಣಿಕೆಯ ದಡದ ಒಂದು ಮೂಲೆಯ ಹೆಸರು ಹೀಗೆ ಎಲ್ಲಿಂದ ಎಲ್ಲಿಗೋ ಹೋಗಿ, ಈಗ ಲೋಕದ ಯಾವ ಮೂಲೆಯಲ್ಲಿ ಹೇಳಿದರೂ ಜನ ಗುರುತಿಸುತ್ತಾರೆ.

ಗುರುತಿಸುತ್ತಾರೆ, ಆದರೆ ತಪ್ಪಾಗಿ ಹೇಳುತ್ತಾರೆ. ತಪ್ಪು ಎಲ್ಲಿ ಹುಟ್ಟಿತು ಎಂಬುದೂ ನನಗೆ ಗೊತ್ತು. ಹೆಸರು ಮೊದಲು ಇಂಗ್ಲಿಷ್ ಅಕ್ಷರಕ್ಕೆ ಹೋಯಿತು. ಅಲ್ಲಿ ‘ಪ’ಕ್ಕೂ ‘ಪಾ’ಕ್ಕೂ ಒಂದೇ ಬರವಣಿಗೆ, ‘ಡ’ಕ್ಕೂ ‘ದ’ಕ್ಕೂ ಒಂದೇ, ‘ಣ’ಕ್ಕೂ ‘ನ’ಕ್ಕೂ ಒಂದೇ. ಕೊನೆಯ ‘ಎ’ಕಾರವನ್ನು ಇಂಗ್ಲಿಷಿನವರು ಉಚ್ಚರಿಸುವುದೇ ಇಲ್ಲ. ಆ ಇಂಗ್ಲಿಷಿನಿಂದ ಹಿಂದಿಗೆ ಬರುವಷ್ಟರಲ್ಲಿ ಪಡು ಹೋಗಿ ‘ಪಾದು’ ಆಯಿತು, ಕೋಣೆ ಹೋಗಿ ‘ಕೋಣ್’ ಆಯಿತು. ಹಿಂದಿ ಪತ್ರಿಕೆಗಳು ಹೆಚ್ಚಾಗಿ ಬರೆಯುವುದು ಹಾಗೆಯೇ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಪಡು ಎಂಬ ಮಾತೇ ಇಲ್ಲ. ನನಗೆ ಸಿಟ್ಟು ಬರುವುದು ಬೆಂಗಳೂರಿನ ಸಭೆಯಲ್ಲಿ, ಕನ್ನಡ ಬಲ್ಲ ನೂರಾರು ಜನರ ಎದುರು, ಕನ್ನಡದ್ದೇ ಆದ ಎರಡು ಶಬ್ದಗಳು ಹಿಂದಿಯ ಮೂಲಕ ಊನವಾಗಿ ಬಂದಾಗ ನಾವು ಚಪ್ಪಾಳೆ ತಟ್ಟುತ್ತೇವಲ್ಲ, ಅದಕ್ಕೆ. ನಮ್ಮ ಪತ್ರಿಕೆಗಳು ಪಡುಕೋಣೆ ಎಂದು ಸರಿಯಾಗಿಯೇ ಅಚ್ಚು ಹಾಕುತ್ತವೆ. ಓದುವ ಕಣ್ಣಿಗೆ ಗೊತ್ತಿರುವುದು ನಾಲಿಗೆಗೆ ಯಾಕೆ ಬರುವುದಿಲ್ಲ?

ನಿನ್ನೆ ರಾತ್ರಿ ಫೋನಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬ ಹೇಳಿದ: “ಹೆಸರುಗಳು ಊರೂರು ಸುತ್ತಿದಾಗ ಬದಲಾಗುತ್ತವೆ ಮಾರಾಯ. ಅವರ ಮನೆಮಾತೂ ಕೊಂಕಣಿ. ಅವರಿಗೇ ಇಲ್ಲದ ಸಂಕಟ ನಿನಗೇಕೆ?” ಹೆಸರು ಸವೆಯುತ್ತದೆ, ಒಪ್ಪುತ್ತೇನೆ. ಹಟ್ಟಿಯಂಗಡಿ ಸವೆದು ಹಟ್ಟಂಗಡಿಯಾಗಿದೆ, ನನಗೆ ಅದರ ಬಗ್ಗೆ ತಕರಾರಿಲ್ಲ, ಅದು ಆಡುವವರ ಬಾಯಲ್ಲೇ ಸವೆದದ್ದು. ಪಡು ಪಾದುಕೆಯಾಗುವುದು ಸವೆತವಲ್ಲ, ಒಂದನ್ನು ಅಳಿಸಿ ಅದರ ಜಾಗದಲ್ಲಿ ಇನ್ನೊಂದನ್ನು ಬರೆಯುವುದು. ಕೊಂಕಣಿಯ ಮಾತಂತೂ ನನಗೆ ಇನ್ನೂ ನೋವು ಕೊಟ್ಟಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಇಂದಿರಾಬಾಯಿ, 1899ರಲ್ಲಿ ಬರೆದವರು ಗುಲ್ವಾಡಿ ವೆಂಕಟರಾಯರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದವರಲ್ಲಿ ಮೊದಲಿಗರು ಹಟ್ಟಿಯಂಗಡಿ ನಾರಾಯಣರಾಯರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಪಂಜೆ ಮಂಗೇಶರಾಯರ ಮನೆಮಾತೂ ಕೊಂಕಣಿಯೇ. ಇವರನ್ನು ಬಿಟ್ಟು ಯಾವ ಕನ್ನಡವನ್ನು ಓದುತ್ತೀರಿ? ಆ ಮನೆತನದವರ ಮೇಲೆ ನಾನು ಹಕ್ಕು ಸಾಧಿಸುತ್ತಿಲ್ಲ. ಅವರು ಯಾರ ಸ್ವತ್ತೂ ಅಲ್ಲ. ನಾನು ಕೇಳುತ್ತಿರುವುದು ಒಂದು ಊರಿನ ಹೆಸರನ್ನು ಆ ಊರಿನವರು ಹೇಳುವ ಹಾಗೆ ಹೇಳಿ ಎಂದು, ಅಷ್ಟೇ.

ಈಗ ನನ್ನ ‘ಎಚ್’ಗೆ ಬರುತ್ತೇನೆ. ಇದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಎಚ್ ಎಂದರೆ ಹೆಮ್ಮಾಡಿ. ಬಹಳ ವರ್ಷಗಳ ಹಿಂದೆ ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು ಎಂದರು. ನಾನು ಬಾಯಲ್ಲಿ ಹೇಳಿದೆ, ಎದುರಿಗಿದ್ದವರು ‘ಹೇಮಡಿ’ ಎಂದು ಓದಿಕೊಳ್ಳುವ ಹಾಗೆ ಬರೆದರು. ಹಿಂದೆ ಸಾಲು ಉದ್ದವಿತ್ತು, ಬಿಸಿಲಿತ್ತು, ನನಗೆ ಆಫೀಸಿಗೆ ಹೋಗುವ ಅವಸರವಿತ್ತು. ಓದಿದೆ, ತಪ್ಪು ಕಂಡಿತು, ಸಹಿ ಹಾಕಿದೆ. ಅದೇ ಮಗಳ ದಾಖಲೆಗಳಿಗೆ ಹೋಯಿತು, ಅವಳಿಂದ ಮೊಮ್ಮಗನ ಶಾಲೆಯ ಅರ್ಜಿಗೂ ಹೋಯಿತು. ಮೊಮ್ಮಗ ಈಗ ತನ್ನ ಅಜ್ಜನ ಊರನ್ನು ‘ಹೇಮಡಿ’ ಎಂದೇ ಕರೆಯುತ್ತಾನೆ. ಅವನನ್ನು ಒಮ್ಮೆಯೂ ತಿದ್ದಿಲ್ಲ ನಾನು. ನಿನ್ನೆ ಆ ಯುವಕನ ಬಾಯಲ್ಲಿ ‘ಪಾದುಕೋಣ್’ ಕೇಳಿದಾಗ ಎದೆಗೆ ಚುಚ್ಚಿದ್ದು ಆ ನನ್ನ ಸಹಿ. ಈ ವಾರ ತಿದ್ದುಪಡಿಗೆ ಅರ್ಜಿ ಹಾಕುತ್ತೇನೆ. ಎಷ್ಟು ಓಡಾಟವಾದರೂ ಸರಿ.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಮೆಟ್ಟಿಲ ಮೇಲೆ ಕುಳಿತು ಅಮ್ಮ ಬರುವುದನ್ನು ಕಾಯುತ್ತಿದ್ದಳು, ಮುಖ ಇನ್ನೂ ಸಣ್ಣದಾಗಿತ್ತು. ಪಕ್ಕದಲ್ಲಿ ಕುಳಿತು, “ನೀನು ಹೇಳಿದ್ದೇ ಸರಿ. ಆ ಊರಿನ ಹೆಸರನ್ನು ಇನ್ನೊಮ್ಮೆ ಹೇಳುತ್ತೀಯಾ?” ಎಂದು ಕೇಳಿದೆ. ನನ್ನನ್ನು ನಂಬಬಹುದೇ ಎಂದು ಒಂದು ಕ್ಷಣ ನೋಡಿದಳು.

“ಪಡುಕೋಣೆ.” ನಾಲಿಗೆ ಮಡಚಿ, ‘ಡ’ವೂ ‘ಣ’ವೂ ತುಂಬಿ ಬರುವ ಹಾಗೆ, ಕೊನೆಯ ‘ಎ’ಕಾರವನ್ನು ಎಳೆದು ಹೇಳಿದಳು.

“ಅಜ್ಜ, ನಿಮ್ಮದು ಯಾವ ಊರು?”

“ಹೆಮ್ಮಾಡಿ.” ಇಷ್ಟು ವರ್ಷಗಳ ಮೇಲೆ ಪೂರ್ತಿಯಾಗಿ, ಒತ್ತು ಬಿಡದೆ ಹೇಳಿದೆ.

“ನನಗೆ ಗೊತ್ತು” ಎಂದಳು. “ಮಾರಣಕಟ್ಟೆ ಜಾತ್ರೆಗೆ ಸೇವಂತಿಗೆ ಅಲ್ಲಿಂದಲೇ ಬರುವುದು. ಅಮ್ಮಮ್ಮ ಮುಡಿಯುತ್ತಾರೆ.”