ಒಂದು ಕಣ್ಣು ಮುಚ್ಚಿ ನೋಡುವವರು

ಸೈಕಲಿನ ಮುಂದಿನ ಚಕ್ರ ಫೋರ್ಕಿನ, ಅಂದರೆ ಅದನ್ನು ಎರಡೂ ಬದಿಯಿಂದ ಹಿಡಿದಿರುವ ಕವಲಿನ, ಸರೀ ನಡುವೆ ನಿಲ್ಲಬೇಕು. ಇಷ್ಟು ತಿಳಿಯಲು ಐಟಿಐ ಓದಬೇಕಾಗಿಲ್ಲ. ನನ್ನದು ಎಡಕ್ಕೆ ಸರಿದು ನಿಂತಿತ್ತು. ಬಲಗಡೆ ನಡುಬೆರಳು ಆರಾಮವಾಗಿ ತೂರುತ್ತದೆ, ಎಡಗಡೆ ಕಿರುಬೆರಳಿಗೂ ಜಾಗವಿಲ್ಲ. ಆ ಕಡೆಯ ಬ್ರೇಕ್ ರಬ್ಬರು ರಿಮ್ಮಿಗೆ ತಾಗಿ ದಾರಿಯುದ್ದಕ್ಕೂ ಸ್ರ್ ಸ್ರ್ ಅನ್ನುತ್ತದೆ. ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೋಗುವಾಗ ನಾನು ತಿರುವಿಗೆ ಬರುವ ಮೊದಲೇ ಅಲ್ಲಿಯ ನಾಯಿಗೆ ಗೊತ್ತಾಗುತ್ತಿತ್ತು. ಕಾಸರಗೋಡಿನ ಬದಿಯಡ್ಕದ ಈ ಕಡೆ ಮೊದಲೇ ಗುಡ್ಡದ ಊರು. ಏರಿನಲ್ಲಿ ಸೈಕಲನ್ನು ನಾವೇ ನೂಕಬೇಕು. ಸಿಗುವುದು ಇಳಿಜಾರಿನ ಸುಖ ಒಂದೇ. ಅಲ್ಲಿಯೂ ಬ್ರೇಕ್ ಹಿಡಿದುಕೊಂಡೇ ಇಳಿಯುವುದೆಂದರೆ ಸಿಟ್ಟು ಬರುವುದಿಲ್ವಾ?

ಶುರುವಾದದ್ದು ಮಳೆಗಾಲದ ನಂತರ. ತುಕ್ಕು ಹಿಡಿದು ಚಕ್ರದ ಕೆಲವು ಕಡ್ಡಿ ತುಂಡಾಗಿದ್ದವು, ಪೇಟೆಯ ಒಂದು ಅಂಗಡಿಯಲ್ಲಿ ಹೊಸತು ಹಾಕಿಸಿದೆ. ಮನೆಗೆ ಬರುವಾಗಲೇ ಸ್ರ್ ಸ್ರ್. ವಾಪಸ್ ಹೋಗಿ ಕೇಳಿದರೆ ಅಂಗಡಿಯ ಹುಡುಗ ಮುಂಭಾಗ ಎತ್ತಿ ಚಕ್ರವನ್ನು ಗಿರ್ರನೆ ತಿರುಗಿಸಿದ. "ಔಟ್ ಎಲ್ಲಿ ಉಂಟು? ನೀವೇ ನೋಡಿ" ಎಂದ. ಔಟ್ ಇರಲಿಲ್ಲ, ಅದು ಸರಿಯೇ. ಚಕ್ರ ಚೂರೂ ಕುಣಿಯುತ್ತಿರಲಿಲ್ಲ. ಎಡಗಡೆಗೆ ಸರಿದು, ಅಲ್ಲಿಯೇ ಬಹಳ ಶಿಸ್ತಿನಿಂದ ತಿರುಗುತ್ತಿತ್ತು! ಕುಣಿಯುವುದು ಒಂದು ರೋಗ, ನಡು ತಪ್ಪುವುದು ಇನ್ನೊಂದು ರೋಗ ಎಂದು ನಾನು ವಿವರಿಸುವಷ್ಟರಲ್ಲಿ ಅವನು ಫೋನ್ ಕಿವಿಗಿಟ್ಟಾಗಿತ್ತು. ಅದರ ನಡುವೆಯೇ ಒಂದು ಕಣ್ಣು ಮುಚ್ಚಿ, ಹ್ಯಾಂಡಲಿನಿಂದ ಕೆಳಗೆ ನೋಡಿ, "ಫೋರ್ಕ್ ಬೆಂಡ್" ಎಂದು ತೀರ್ಪು ಕೊಟ್ಟ.

ಕಾಸರಗೋಡು ಸಪ್ತಭಾಷೆಗಳ ನಾಡು. ಕನ್ನಡ, ಮಲಯಾಳಂ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲವೂ ಇಲ್ಲಿ ಒಂದೇ ಬಸ್ಸಿನಲ್ಲಿ ನಿಂತುಕೊಂಡು ಹೋಗುತ್ತವೆ. ಈ ಏಳೂ ಭಾಷೆಯವರು ಒಂದೇ ಅಭಿಪ್ರಾಯಕ್ಕೆ ಬರುವುದು ಅಪರೂಪ. ನನ್ನ ಫೋರ್ಕಿನ ವಿಷಯದಲ್ಲಿ ಬಂದರು. ಸೊಸೈಟಿಯ ಜಗಲಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ರೇಷನ್ ಅಂಗಡಿಯ ಎದುರು, ಎಲ್ಲಿ ನಿಲ್ಲಿಸಿದರೂ ಒಬ್ಬರು ಬಂದು ಸೈಕಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ, ಒಂದು ಕಣ್ಣು ಮುಚ್ಚುತ್ತಾರೆ, ತಲೆ ಅಲ್ಲಾಡಿಸುತ್ತಾರೆ. ಒಬ್ಬರೂ ಸ್ಪ್ಯಾನರ್ ಮುಟ್ಟಲಿಲ್ಲ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ರಾಜ್ಯಗಳ ಗಡಿ ಎಳೆದವರೂ ಹೀಗೆಯೇ ಒಂದು ಕಣ್ಣು ಮುಚ್ಚಿ ನೋಡಿರಬೇಕು ಅಂತ ನನಗೆ ಗುಮಾನಿ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಆಗಿನ ಮೈಸೂರಿಗೆ ಸೇರಲಿ ಎಂದು ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆ ವರದಿ ಹಾಗೆಯೇ ಉಂಟು. ಓರೆಯಾದದ್ದು ನೇರವಾಗಲಿ ಅಂತ ಕಾಯುವುದು ನಮಗೇನೂ ಹೊಸತಲ್ಲ ಬಿಡಿ.

ಆದರೆ ಒಂದು ಕಣ್ಣಿನ ವಿದ್ಯೆಯಲ್ಲಿ ನಮ್ಮ ಭಾವನನ್ನು ಮೀರಿಸಿದವರಿಲ್ಲ. ಭಾವ ಎಂದರೆ ಅಕ್ಕನ ಗಂಡ, ಗುಡ್ಡದ ಆ ಬದಿಯಲ್ಲಿ ಮನೆ. ಅವರು ಮುಚ್ಚುವುದು ಎಡಗಣ್ಣು. ಬಲಗಣ್ಣನ್ನು ಒಂಟಿಯಾಗಿ ಮುಚ್ಚಲು ಅವರಿಗೆ ಬರುವುದಿಲ್ಲ, ಪ್ರಯತ್ನಪಟ್ಟರೆ ಎರಡೂ ಮುಚ್ಚಿ ಬಾಯಿ ತೆರೆಯುತ್ತದೆ. ಹೊಸ ಕಂಪೌಂಡ್ ಗೋಡೆ, ಅಡಿಕೆ ಸಸಿ ನೆಟ್ಟ ಸಾಲು, ಗೋಡೆಗೆ ತೂಗುಹಾಕಿದ ಫೋಟೋ, ಶಾಮಿಯಾನದ ಕಂಬ, ಏನಿದ್ದರೂ ಎಡಗಣ್ಣು ಮುಚ್ಚಿ ಒಮ್ಮೆ ನೋಡಿ, "ಒಂದು ನೂಲು ಆಚೆ" ಎಂದರೇನೇ ಸಮಾಧಾನ. ಒಂದು ನೂಲು ಈಚೆ ಎಂದು ಅವರು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಒಮ್ಮೆ ನೆಂಟರ ಮನೆಯ ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋಗಿದ್ದಾಗ ಹುಡುಗನ ಹಿಂದಿನ ಕಿಟಕಿ ಓರೆಯಾಗಿ ಕಂಡಿತಂತೆ. ಭಾವ ಎಡಗಣ್ಣು ಮುಚ್ಚಿದರು. ಎದುರು ಕೂತಿದ್ದ ಹುಡುಗನ ಅತ್ತೆ ಕಾಫಿ ಲೋಟ ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು. ಆ ಸಂಬಂಧ ಕೂಡಿಬರಲಿಲ್ಲ. ಜಾತಕ ಕೂಡಲಿಲ್ಲ ಎಂದು ಭಾವ ಇವತ್ತಿಗೂ ಹೇಳುತ್ತಾರೆ.

ಅವರು ನನ್ನ ಸೈಕಲನ್ನು ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು, ಸೀಟಿನ ಮೇಲೆ ಗಲ್ಲ ಇಟ್ಟೂ ನೋಡಿದರು. "ಫೋರ್ಕೇ ಮಾರಾಯ. ಮಡ್‌ಗಾರ್ಡ್ ನೋಡು, ಹೇಗೆ ಬಲಕ್ಕೆ ಕೂತಿದೆ" ಎಂದರು. ಮಡ್‌ಗಾರ್ಡ್ ಇದ್ದಲ್ಲೇ ಇತ್ತು, ಸರಿದದ್ದು ಚಕ್ರ. ಹೇಳುವ ಮೊದಲೇ ಎರಡೂ ಕೈಯಲ್ಲಿ ಹಿಡಿದು ಮಡ್‌ಗಾರ್ಡನ್ನು ಎಡಕ್ಕೆ ಬಗ್ಗಿಸಿಬಿಟ್ಟರು. ಈಗ ಮಡ್‌ಗಾರ್ಡೂ ಚಕ್ರವೂ ಸರಿಯಾಗಿ ಹೊಂದಿಕೊಂಡವು, ಎರಡೂ ಎಡಕ್ಕೆ.

ನಾನು ಕ್ರಮಪ್ರಕಾರ ನೋಡಿದೆ. ಮೊದಲು ಬ್ರೇಕಿನ ಕೇಬಲ್ ಬಿಚ್ಚಿದೆ. ಇಲ್ಲದಿದ್ದರೆ ಬ್ರೇಕ್ ಓರೆಯೋ ಚಕ್ರ ಓರೆಯೋ ತಿಳಿಯುವುದಿಲ್ಲ. ಎರಡೂ ನಟ್ಟು ಸಡಿಲ ಮಾಡಿ, ಚಕ್ರ ನೆಲದ ಮೇಲಿರುವಾಗಲೇ ಹ್ಯಾಂಡಲನ್ನು ಕೆಳಕ್ಕೆ ಒತ್ತಿ, ಆಕ್ಸಲ್, ಅಂದರೆ ಚಕ್ರದ ಅಚ್ಚು, ಫೋರ್ಕಿನ ಎರಡೂ ಸೀಳಿನ ತುದಿಯವರೆಗೆ ಕೂತ ಮೇಲೆ ಬಿಗಿ ಮಾಡಿದೆ. ಅಲ್ಲಿಯ ಸಣ್ಣ ತಪ್ಪೂ ಮೇಲೆ ದೊಡ್ಡದಾಗಿ ಕಾಣುತ್ತದೆ. ಚಕ್ರದ ನಡುವಿನ ಹಬ್ಬಿನ ಅಗಲ ಸಾಧಾರಣ 100 ಮಿಲಿಮೀಟರ್, ಅಲ್ಲಿಂದ ರಿಮ್ಮಿಗೆ ಅದರ ಮೂರು ಪಟ್ಟಿನಷ್ಟು ದೂರ. ಆಕ್ಸಲ್ ಒಂದು ಬದಿಯಲ್ಲಿ 1 ಮಿಲಿಮೀಟರ್ ತಪ್ಪಿ ಕೂತರೆ ಬ್ರೇಕಿನ ಹತ್ತಿರ ಚಕ್ರ ಸುಮಾರು 3 ಮಿಲಿಮೀಟರ್ ವಾಲುತ್ತದೆ. ನನ್ನದು ಸರಿಯಾಗಿಯೇ ಕೂತಿತ್ತು. ಆದರೂ ಎಡ.

ಉಳಿದದ್ದು ಎರಡು ನಿಮಿಷದ ಪರೀಕ್ಷೆ. ಚಕ್ರ ಬಿಚ್ಚಿ, ಎಡ ಬಲ ತಿರುವಿ, ಮತ್ತೆ ಹಾಕುವುದು. ಆಗಲೂ ಎಡಕ್ಕೇ ನಿಂತರೆ ತಕರಾರು ಫೋರ್ಕಿನದು. ಬಲಕ್ಕೆ ಹೋದರೆ ಚಕ್ರದ್ದು, ಅಂದರೆ ಕಡ್ಡಿಗಳು ರಿಮ್ಮನ್ನು ಒಂದೇ ಬದಿಗೆ ಜಾಸ್ತಿ ಎಳೆದಿವೆ. ಡಿಸ್ಕ್ ಬ್ರೇಕಿನ ಸೈಕಲಿಗೆ ಹೀಗೆ ಮಾಡಲು ಆಗುವುದಿಲ್ಲ, ನನ್ನ ಹಳೆಯ ಬಂಡಿಗೆ ಅಡ್ಡಿಯಿಲ್ಲ. ಭಾವನ ಎದುರೇ ತಿರುವಿ ಹಾಕಿದೆ. ಚಕ್ರ ಬಲಕ್ಕೆ ಬಂದು ನಿಂತಿತು.

"ನೋಡಿ ಭಾವ, ಫೋರ್ಕ್ ಅಲ್ಲ."

ಭಾವ ಕುಕ್ಕರುಗಾಲಿನಲ್ಲಿ ಕೂತರು. ಎಡಗಣ್ಣು ಮುಚ್ಚಿದರು. ತುಂಬ ಹೊತ್ತು ನೋಡಿದರು. ಒಳಗಿನಿಂದ ಅಕ್ಕ, "ಚಾ ತಣಿಯುತ್ತದೆ" ಎಂದು ಕೂಗಿದ್ದೂ ಕೇಳಿಸಲಿಲ್ಲ. ಆಮೇಲೆ ಎದ್ದು, ಪಂಚೆ ಕೊಡವಿ, ಗಂಭೀರವಾಗಿ ಹೇಳಿದರು:

"ಹಾಗಾದರೆ ಫೋರ್ಕು ಎರಡೂ ಕಡೆಗೆ ಬೆಂಡ್ ಆಗಿದೆ."

ಇದಕ್ಕೆ ಎಂತ ಹೇಳುವುದು? ಚಾ ಕುಡಿದೆವು.

ಕಡ್ಡಿ ಎಳೆಯುವುದು ಎಲ್ಲರ ಕೈಯ ಕೆಲಸವಲ್ಲ. ನಾವು ಶಾಲೆಗೆ ಹೋಗುವಾಗ ಪೇಟೆಯಲ್ಲಿ ಸೈಕಲ್ ಅಂಗಡಿಗಳಿದ್ದವು, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೂ ಸಿಗುತ್ತಿತ್ತು. ಒಂದು ಅಂಗಡಿಯ ಮುದುಕರು ಕಡ್ಡಿಯನ್ನು ಉಗುರಿನಿಂದ ಮೀಟಿ, ಸದ್ದು ಕೇಳಿಯೇ ಯಾವುದು ಸಡಿಲ, ಯಾವುದು ಬಿಗಿ ಹೇಳುತ್ತಿದ್ದರು. ನಾವು ಬಾಡಿಗೆಯ ಸಮಯ ಮುಗಿಯುವುದನ್ನೂ ಮರೆತು ನೋಡುತ್ತಾ ನಿಲ್ಲುತ್ತಿದ್ದೆವು, ಅವರು ಗಡಿಯಾರ ನೋಡಿದರೂ ನೋಡದವರ ಹಾಗೆ ಇರುತ್ತಿದ್ದರು. ಈಗ ಆ ಕೋಣೆಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಸೈಕಲ್ ಇಟ್ಟುಕೊಂಡವರೂ ಕಡಿಮೆಯಾದರು. ಕೆಟ್ಟರೆ ಹೊಸತು ತರುತ್ತಾರೆ, ಅಲ್ಲದಿದ್ದರೆ ಹಟ್ಟಿಯ ಹಿಂದೆ ಒರಗಿಸುತ್ತಾರೆ.

ಕೊನೆಗೆ ಕುಂಬಳೆಯಲ್ಲಿ ಈ ಕೆಲಸ ಬಲ್ಲ ಒಬ್ಬ ಏಟ್ಟ, ಅಂದರೆ ಮಲಯಾಳಂನ ಅಣ್ಣ, ಸಿಕ್ಕಿದರು. ಚಕ್ರವನ್ನು ಮಾತ್ರ ಬಿಚ್ಚಿ ಬಸ್ಸಿನಲ್ಲಿ ಒಯ್ದಿದ್ದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳುವವನ ಹಾಗೆ ನೋಡಿದ. ಏಟ್ಟ ಮಾತಾಡಲಿಲ್ಲ. ಚಕ್ರವನ್ನು ಒಂದು ಹಳೆಯ ಫೋರ್ಕಿಗೆ ಸಿಕ್ಕಿಸಿ ತಿರುಗಿಸಿದರು, ತಿರುವಿ ಹಾಕಿ ಮತ್ತೊಮ್ಮೆ ತಿರುಗಿಸಿದರು. ಎರಡೂ ಕಣ್ಣು ತೆರೆದೇ ಇದ್ದವು, ನಾನು ಬೇಕೆಂದೇ ಗಮನಿಸಿದೆ. ಗಾಳಿ ಹಾಕುವ ವಾಲ್ವಿನ ಹತ್ತಿರದಿಂದ ಶುರು ಮಾಡಿ ಎಡಗಡೆಯ ಕಡ್ಡಿಗಳನ್ನೆಲ್ಲ ಕಾಲು ಸುತ್ತು ಸಡಿಲ, ಬಲಗಡೆಯವನ್ನು ಕಾಲು ಸುತ್ತು ಬಿಗಿ. ಕಡ್ಡಿಯ ತುದಿಯಲ್ಲಿ ತುಕ್ಕು ಹಿಡಿದ ನಿಪ್ಪಲ್‌ಗಳು ಕಿರ್ ಅನ್ನುವಾಗ ಒಂದೊಂದು ಹನಿ ಎಣ್ಣೆ. ಮತ್ತೆ ವಾಲ್ವಿನಿಂದ ಇನ್ನೊಂದು ಸುತ್ತು. ಅವಸರ ಮಾಡಿ ಒಮ್ಮೆಲೇ ಎಳೆದರೆ ಚಕ್ರ ಕುಣಿಯಲು ಶುರುವಾಗುತ್ತದೆ, ಅದಕ್ಕೇ ಈ ತಾಳ್ಮೆ. ಕೊನೆಗೆ ಚಕ್ರವನ್ನು ನನ್ನ ಕೈಗೆ ಕೊಟ್ಟು, "ಶರಿಯಾಯಿ" ಎಂದರು.

ಸರಿಯಾಗಿಯೇ ಆಗಿತ್ತು. ಮನೆಗೆ ತಂದು ಹಾಕಿದರೆ ಎರಡೂ ಬದಿಯಲ್ಲಿ ಬೆರಳು ಒಂದೇ ಥರ ಹೋಗುತ್ತದೆ. ಬ್ರೇಕ್ ತಾಗುವುದಿಲ್ಲ. ಆದರೆ ಚಕ್ರ ನಡುವಿಗೆ ಬಂತಲ್ಲ, ಭಾವ ಬಗ್ಗಿಸಿದ ಮಡ್‌ಗಾರ್ಡ್ ಎಡಕ್ಕೇ ಉಳಿದಿದೆ. ಅದರ ಬಲ ಅಂಚು ಈಗ ಟಯರಿಗೆ ತಾಗುತ್ತದೆ. ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇ ತಡ, ಭಾವನೇ ಫೋನ್ ತೆಗೆದುಕೊಂಡರು.

"ನಾನು ಮೊದಲೇ ಹೇಳಲಿಲ್ವಾ? ನಾಳೆ ಬರುತ್ತೇನೆ. ಫೋರ್ಕ್ ಬಿಚ್ಚಿ ಇಡು."