ಸೆನೆಟ್ಟಿನ ಕಾದಂಬರಿ ಮತ್ತು ನಾವು ಬರೆಯದೆ ಬಿಟ್ಟ ಕಥೆ

ವಾಷಿಂಗ್ಟನ್ನಿಗೆ ಹತ್ತಿರದ ವರ್ಜೀನಿಯಾದಲ್ಲಿ ಬಹುಕಾಲದಿಂದ ನೆಲೆಸಿದ್ದರೂ ಇಲ್ಲಿನವರ ರಾಜಕೀಯ ಕಾದಂಬರಿಗಳ ಬಗ್ಗೆ ನನಗೆ ಹೆಚ್ಚಿನ ಗೌರವವಿರಲಿಲ್ಲ. ಪಿತೂರಿ, ಗುಂಡೇಟು, ಶ್ವೇತಭವನದ ಓಣಿಗಳಲ್ಲಿ ಅವಸರದ ಓಡಾಟ, ಇಷ್ಟೇ ಇವರ ಬಂಡವಾಳ ಎಂದುಕೊಂಡಿದ್ದೆ. ಆ ಅಸಡ್ಡೆಯನ್ನು ಬಿಡಿಸಿದ್ದು 1959ರಲ್ಲಿ ಪ್ರಕಟವಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ‘ಅಡ್ವೈಸ್ ಅಂಡ್ ಕನ್ಸೆಂಟ್’. ಅದನ್ನು ಬರೆದ ಅಲೆನ್ ಡ್ರೂರಿ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಕಲಾಪಗಳನ್ನು ವರ್ಷಗಟ್ಟಲೆ ವರದಿ ಮಾಡಿದ್ದ ಪತ್ರಕರ್ತರು.

ಇಡೀ ಕಾದಂಬರಿ ನಿಂತಿರುವುದು ಸಂವಿಧಾನದ ಒಂದು ಮಾತಿನ ಮೇಲೆ: ಅಧ್ಯಕ್ಷನು ತನ್ನ ಮಂತ್ರಿಯನ್ನು ನೇಮಿಸಿಕೊಳ್ಳಬೇಕಾದರೆ ಸೆನೆಟ್ಟಿನ ಸಲಹೆ ಮತ್ತು ಸಮ್ಮತಿ ಬೇಕು. ಅಧ್ಯಕ್ಷನು ವಿದೇಶಾಂಗ ಖಾತೆಗೆ ಆರಿಸಿದ ವ್ಯಕ್ತಿ ತನ್ನ ಹಿಂದಿನ ಬದುಕಿನ ಬಗ್ಗೆ ಸುಳ್ಳು ಹೇಳಿರುತ್ತಾನೆ. ಅದನ್ನು ತಿಳಿದೂ ಅಧ್ಯಕ್ಷನು ಪಟ್ಟು ಸಡಿಲಿಸುವುದಿಲ್ಲ. ಸತ್ಯ ಗೊತ್ತಾದ ಯುವ ಸೆನೆಟರನನ್ನು ಅವನ ಹಳೆಯ ಗುಟ್ಟೊಂದನ್ನು ಹಿಡಿದು ಬೆದರಿಸಿ ಆತ್ಮಹತ್ಯೆಯವರೆಗೆ ತಳ್ಳಲಾಗುತ್ತದೆ. ಮುಗಿದ ವಿಚಾರಣೆಯನ್ನು ಉಪಸಮಿತಿಯು ಮತ್ತೆ ತೆರೆಯಬೇಕೇ ಬೇಡವೇ ಎಂಬಷ್ಟು ಒಣ ಪ್ರಶ್ನೆಯಿಂದ ಒಂದು ಜೀವ ಹೋಗುವುದನ್ನು ನಂಬುವಂತೆ ಬರೆಯುವುದು ಸಣ್ಣ ಕೆಲಸವಲ್ಲ. (ಉದ್ದುದ್ದ ಭಾಷಣಗಳನ್ನು ನಾನು ಹಾರಿಸಿಕೊಂಡು ಓದಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.)

ನಮ್ಮವರು ಅಧಿಕಾರದ ಬಗ್ಗೆ ಬರೆದಾಗ ನೋಡುವುದು ಬೇರೆಡೆಗೆ. ಗಿರೀಶ ಕಾರ್ನಾಡರ ‘ತುಘಲಕ್’ ಆರಂಭವಾಗುವುದೇ ನ್ಯಾಯಾಂಗದ ಗೆಲುವಿನಿಂದ: ಸುಲ್ತಾನನ ವಿರುದ್ಧ ಬ್ರಾಹ್ಮಣನೊಬ್ಬ ಹೂಡಿದ ದಾವೆಯಲ್ಲಿ ಕಾಜಿಯು ಸುಲ್ತಾನನದೇ ತಪ್ಪೆಂದು ತೀರ್ಪು ಕೊಡುತ್ತಾನೆ, ಸುಲ್ತಾನ ತಲೆಬಾಗುತ್ತಾನೆ. ಅಮೆರಿಕದ ಲೇಖಕನಾಗಿದ್ದರೆ ಆ ಕಾಜಿಯ ಬೆನ್ನು ಹತ್ತುತ್ತಿದ್ದ. ಕಾರ್ನಾಡರು ಹಿಂಬಾಲಿಸುವುದು ಬ್ರಾಹ್ಮಣನ ವೇಷ ತೊಟ್ಟು ಬಂದ ವಂಚಕ ಅಜೀಜನನ್ನು, ಅವನಿಗೆ ಕನ್ನಡಿಯಂತಿರುವ ಸುಲ್ತಾನನನ್ನು. ಅನಂತಮೂರ್ತಿಯವರ ‘ಅವಸ್ಥೆ’ಯಲ್ಲಿಯೂ ಹಾಸಿಗೆ ಹಿಡಿದ ಕೃಷ್ಣಪ್ಪ ಗೌಡನ ಅಂತರಂಗವೇ ರಣರಂಗ, ವಿಧಾನಸಭೆ ದೂರದಲ್ಲೆಲ್ಲೋ ಇದೆ. ಎರಡೂ ದೊಡ್ಡ ಕೃತಿಗಳು, ಅದರಲ್ಲಿ ಸಂಶಯವಿಲ್ಲ. ಆದರೆ ಸಂಸ್ಥೆಗಳಿಗೂ ಸ್ವಭಾವವಿರುತ್ತದೆ, ಹಟವಿರುತ್ತದೆ, ಮಾನಾಪಮಾನಗಳಿರುತ್ತವೆ ಎಂಬುದು ನಮ್ಮ ಕಥನಕ್ಕೆ ಅಷ್ಟಾಗಿ ಒಗ್ಗಿಲ್ಲ.

ಇದಕ್ಕೆ ವ್ಯವಸ್ಥೆಯಲ್ಲೇ ಒಂದು ಕಾರಣವಿದೆ. ಇಲ್ಲಿ ಅಧ್ಯಕ್ಷನಿಗೂ ಅವನ ಮಂತ್ರಿಗಳಿಗೂ ಸಂಸತ್ತಿನಲ್ಲಿ ಸದಸ್ಯತ್ವವಿಲ್ಲ. ಎರಡು ಅಂಗಗಳು ಎದುರುಬದುರು ನಿಂತಿರುವುದರಿಂದ ಜಗಳ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಮಂತ್ರಿಮಂಡಲ ಶಾಸಕಾಂಗದೊಳಗೇ ಕುಳಿತಿರುವುದರಿಂದ ಅದೇ ಜಗಳ ಪಕ್ಷದೊಳಗಿನ ಭಿನ್ನಮತವಾಗಿ, ಪಕ್ಷಾಂತರವಾಗಿ, ರೆಸಾರ್ಟಿನ ಕೋಣೆಗಳಲ್ಲಿ ಅಡಗಿಬಿಡುತ್ತದೆ. ನ್ಯಾಯಾಂಗದ ವಿಷಯದಲ್ಲಿ ಮಾತ್ರ ಈ ಸಮಜಾಯಿಷಿ ಸಾಲದು, ಏಕೆಂದರೆ ಅಲ್ಲಿ ನಮ್ಮ ಜಗಳಗಳು ಹಾಡಹಗಲಿನಲ್ಲೇ ನಡೆದಿವೆ, ಅವುಗಳಲ್ಲಿ ಕೆಲವು ಕನ್ನಡದ ನೆಲಕ್ಕೇ ಅಂಟಿಕೊಂಡಿವೆ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 68 ದಿನ ಆಲಿಸಿ, 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವ ಅಧಿಕಾರ ಸಂಸತ್ತಿಗಿಲ್ಲವೆಂದು 7-6ರ ಬಹುಮತದಿಂದ ತೀರ್ಪಿತ್ತಿತು. ಮರುದಿನವೇ ಇಂದಿರಾ ಗಾಂಧಿಯವರ ಸರ್ಕಾರ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿತು. ಹಾಗೆ ಕಡೆಗಣಿಸಲ್ಪಟ್ಟು ರಾಜೀನಾಮೆ ಕೊಟ್ಟ ಮೂವರಲ್ಲಿ ಒಬ್ಬರು ದಕ್ಷಿಣ ಕನ್ನಡದ ಕೌಡೂರು ಸದಾನಂದ ಹೆಗ್ಡೆಯವರು. ನ್ಯಾಯಮೂರ್ತಿಯಾಗುವ ಮೊದಲು ಅವರು ರಾಜ್ಯಸಭೆಯ ಸದಸ್ಯರಾಗಿದ್ದವರು. ಸದನವನ್ನು ಒಳಗಿನಿಂದ ಕಂಡು, ಆಮೇಲೆ ಅದಕ್ಕೆ ಎಲ್ಲೆ ಹಾಕಿದವರು.

ಡ್ರೂರಿಯವರ ಕೈಗೆ ಇಷ್ಟು ಸಿಕ್ಕಿದ್ದರೆ ಮುಂದಿನದನ್ನು ಕಲ್ಪಿಸಿಕೊಳ್ಳುತ್ತಿದ್ದರೇನೋ. ಇತಿಹಾಸ ಆ ಶ್ರಮವನ್ನೂ ಉಳಿಸಿದೆ. ತುರ್ತುಪರಿಸ್ಥಿತಿ ಕಳೆದ ಮೇಲೆ, 1977ರಲ್ಲಿ, ಹೆಗ್ಡೆಯವರು ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸಭಾಧ್ಯಕ್ಷರಾದರು. ಮರುವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದು ಇಂದಿರಾ ಗಾಂಧಿಯವರು ಅದೇ ಸದನಕ್ಕೆ ಬಂದರು. ಡಿಸೆಂಬರ್ 19ರಂದು ಲೋಕಸಭೆಯು ಹಕ್ಕುಚ್ಯುತಿಯ ಆರೋಪದ ಮೇಲೆ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆವಾಸ ವಿಧಿಸಿತು. ಆರು ವರ್ಷವೂ ತುಂಬಿರದಷ್ಟು ಹಿಂದೆ ಒಂದು ಆಕಾಶವಾಣಿ ವಾರ್ತೆಯಷ್ಟು ಸುಲಭವಾಗಿ ತಮ್ಮ ಜ್ಯೇಷ್ಠತೆಯನ್ನು ಅಳಿಸಿದವರ ಉಚ್ಚಾಟನೆಯ ನಿರ್ಣಯ ಸದನದ ಮುಂದಿದ್ದ ಆ ದಿನಗಳಲ್ಲಿ, ಸಭಾಧ್ಯಕ್ಷರ ಕೊಠಡಿಯೊಳಗೆ ಹೆಗ್ಡೆಯವರು ತಮ್ಮೊಳಗಿನ ನ್ಯಾಯಮೂರ್ತಿಗೆ ಏನು ಹೇಳಿಕೊಂಡಿರಬಹುದು? ‘ಅವಸ್ಥೆ’ ಬಂದದ್ದೂ ಅದೇ 1978ರಲ್ಲಿ.